ಹೆಡರ್‌ಗೆ ಪಟ್ಟಿ ಸುತ್ತಬೇಕೆ, ಬೇಡವೆ? ಬಾನೆಟ್ ಒಳಗಿನ ಬಿಸಿಯ ಬಗ್ಗೆ

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆಯ ಕಾಫಿ ತೋಟ. ಮನೆಯಲ್ಲಿ 1997ರ ಕಾರ್ಬ್ಯುರೇಟರ್ ಜಿಪ್ಸಿ ಕಿಂಗ್ ಇದೆ. ಎಂಜಿನ್ನಿನ ಹೊಗೆಯನ್ನು ಸೈಲೆನ್ಸರ್ ಕಡೆಗೆ ಒಯ್ಯುವ ಹಳೆಯ ಬೀಡು ಕಬ್ಬಿಣದ ಮ್ಯಾನಿಫೋಲ್ಡ್ ಸೀಳಿದ್ದರಿಂದ ಕಳೆದ ವರ್ಷ ಅದನ್ನು ತೆಗೆಸಿ, ಎಂ.ಎಸ್. (ಸಾಮಾನ್ಯ ಉಕ್ಕು) ಪೈಪಿನಲ್ಲಿ ಮಾಡಿಸಿದ ನಾಲ್ಕು ಕೊಳವೆಯ ಹೆಡರ್ ಹಾಕಿಸಿದೆ. ಅಂದಿನಿಂದ ಬಾನೆಟ್ ಒಳಗೆ ವಿಪರೀತ ಬಿಸಿ. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದಲ್ಲಿ ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದು ಕಷ್ಟ. ಕಾಲಿಡುವ ಜಾಗದ ತಗಡು ಕಾಯುತ್ತದೆ. ಹೆಡರ್ ಪಕ್ಕದ ಒಂದು ವೈರಿನ ಹೊದಿಕೆ ಒಣಗಿ ಬಿರುಕು ಬಿಟ್ಟಿದೆ. ರ‍್ಯಾಲಿಗೆ ಹೋಗುವ ಸ್ನೇಹಿತರು ಹೆಡರ್‌ಗೆ ಹೀಟ್ ರ‍್ಯಾಪ್ ಎಂಬ ಬಿಸಿ ತಡೆಯುವ ಪಟ್ಟಿ ಸುತ್ತಿಸಿ ಎನ್ನುತ್ತಾರೆ. ಸುತ್ತಿದರೆ ಎರಡೇ ಮಳೆಗಾಲಕ್ಕೆ ಪೈಪ್ ತಿಂದುಹೋಗುತ್ತದೆ ಎಂದು ನಮ್ಮ ಮೆಕ್ಯಾನಿಕ್ ಹೇಳುತ್ತಾರೆ. ಯಾರ ಮಾತು ಸರಿ? ಸುತ್ತುವುದಾದರೆ ಫೈಬರ್ ಗ್ಲಾಸ್ ಒಳ್ಳೆಯದೋ, ಟೈಟಾನಿಯಂ ಎಂದು ಮಾರುತ್ತಾರಲ್ಲ, ಅದೋ?

ಉತ್ತರ: ಇಬ್ಬರ ಮಾತೂ ಸರಿ, ಆದರೆ ಅವರು ಹೇಳುತ್ತಿರುವುದು ಬೇರೆ ಬೇರೆ ಗಾಡಿಗಳ ಬಗ್ಗೆ. ರ‍್ಯಾಲಿ ಗಾಡಿಯ ಹೆಡರ್ ಪ್ರತಿ ಸ್ಪರ್ಧೆಯ ನಂತರ ಯಾರಾದರೊಬ್ಬರ ಕಣ್ಣಿಗೆ ಬೀಳುತ್ತದೆ, ಬಿರುಕು ಕಂಡರೆ ಬದಲಾಗುತ್ತದೆ, ಮತ್ತು ಅದರ ಮಾಲೀಕರಿಗೆ ಒಂದು ಹೆಡರಿನ ಆಯುಷ್ಯಕ್ಕಿಂತ ಆ ಎರಡು ದಿನ ಎಂಜಿನ್ ಉಸಿರಾಡುವ ಗಾಳಿ ತಂಪಾಗಿರುವುದು ಮುಖ್ಯ. ನಿಮ್ಮ ಗಾಡಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮಳೆಯಲ್ಲಿ ನೆನೆಯುತ್ತದೆ, ಕೆಸರಿನಲ್ಲಿ ಇಳಿಯುತ್ತದೆ, ಪಂಪ್ ನೀರಿನಲ್ಲಿ ತೊಳೆಸಿಕೊಳ್ಳುತ್ತದೆ, ಕೆಲವೊಮ್ಮೆ ವಾರಗಟ್ಟಲೆ ಶೆಡ್ಡಿನಲ್ಲಿ ನಿಂತಿರುತ್ತದೆ. ಇಂಥ ಬಳಕೆಯಲ್ಲಿರುವ ಎಂ.ಎಸ್. ಹೆಡರ್‌ಗೆ ಪಟ್ಟಿ ಸುತ್ತಬೇಡಿ ಎಂಬುದು ನನ್ನ ಖಚಿತ ಸಲಹೆ. ಅದರ ಬದಲು ಹೆಡರ್‌ಗೆ ಒಂದು ಒಳ್ಳೆಯ ಹೀಟ್ ಶೀಲ್ಡ್ (ಬಿಸಿ ತಡೆಯುವ ತಗಡಿನ ಮರೆ) ಕಟ್ಟಿಸಿ, ಪೈಪಿಗೆ ಲೇಪನ ಮಾಡಿಸಿ, ಬಿಸಿ ತಾಳದ ವೈರು ಮತ್ತು ಪೆಟ್ರೋಲ್ ಪೈಪುಗಳಿಗೆ ಹೊದಿಕೆ ಹಾಕಿಸಿ. ಸ್ಟಾರ್ಟ್ ಆಗದಿರುವ ತೊಂದರೆಯ ಬಹುಪಾಲು ಹೆಡರ್‌ನದಲ್ಲ ಎಂಬ ಅನುಮಾನವೂ ನನಗಿದೆ. ಅದನ್ನು ಮುಂದೆ ವಿವರಿಸುತ್ತೇನೆ.

ಮೊದಲು ಬಿಸಿ ಹೇಗೆ ಹೊರಬರುತ್ತದೆ ಎಂಬುದನ್ನು ನೋಡೋಣ. ಪೆಟ್ರೋಲ್ ಎಂಜಿನ್ ಪೂರ್ತಿ ಭಾರ ಎಳೆಯುವಾಗ ಹೊರಬರುವ ಹೊಗೆಯ ಉಷ್ಣತೆ ಸುಮಾರು 700ರಿಂದ 900 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಘಾಟಿ ಹತ್ತುವಾಗ ತೆಳು ಪೈಪಿನ ಹೊರಮೈ 500 ಡಿಗ್ರಿ ಮುಟ್ಟುವುದು ಸಾಮಾನ್ಯ. ಅಷ್ಟು ಕಾದ ಲೋಹ ಸುತ್ತಲಿನ ಗಾಳಿಯನ್ನು ಬಿಸಿ ಮಾಡುವುದು ಒಂದು ಕಡೆಯಾದರೆ, ಬಿಸಿಲು ನಮ್ಮನ್ನು ಮುಟ್ಟುವ ಹಾಗೆಯೇ ನೇರ ವಿಕಿರಣದ ಮೂಲಕ ಎದುರಿನ ವಸ್ತುಗಳನ್ನು ಸುಡುವುದು ಇನ್ನೊಂದು ಕಡೆ. ಈ ವಿಕಿರಣ ಕೆಲ್ವಿನ್ ಉಷ್ಣತೆಯ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. 500 ಡಿಗ್ರಿಯಲ್ಲಿರುವ ಕಪ್ಪು ಮೈ ಪ್ರತಿ ಚದರ ಮೀಟರಿಗೆ ಸುಮಾರು 20 ಕಿಲೋವಾಟ್ ಚೆಲ್ಲಿದರೆ, 250 ಡಿಗ್ರಿಯ ಮೈ ಚೆಲ್ಲುವುದು 4 ಕಿಲೋವಾಟ್‌ಗಿಂತ ತುಸು ಹೆಚ್ಚು ಮಾತ್ರ. ನಿಮ್ಮ ಹೆಡರಿನ ಕೊಳವೆಗಳು 38 ಮಿಲಿಮೀಟರ್ ವ್ಯಾಸ, ತಲಾ 45 ಸೆಂಟಿಮೀಟರ್ ಉದ್ದ ಎಂದಿಟ್ಟುಕೊಂಡರೆ ನಾಲ್ಕೂ ಸೇರಿ ಸುಮಾರು ಕಾಲು ಚದರ ಮೀಟರಿಗಿಂತ ತುಸು ಕಡಿಮೆ ಮೈಯಾಗುತ್ತದೆ. ತುಕ್ಕು ಹಿಡಿದ ಒರಟು ಮೈ ಕಪ್ಪು ಮೈಯ ಶೇ 80ರಷ್ಟು ವಿಕಿರಣ ಸೂಸುತ್ತದೆ. ಪೈಪುಗಳು ಒಂದಕ್ಕೊಂದು ಎದುರಾಗಿರುವುದರಿಂದ ಒಂದಷ್ಟನ್ನು ಕಳೆದರೂ, ಘಾಟಿಯ ಏರಿನಲ್ಲಿ ಎರಡೂವರೆಯಿಂದ ಮೂರು ಕಿಲೋವಾಟ್ ಬಿಸಿ ಬರೀ ವಿಕಿರಣದಿಂದಲೇ ಬಾನೆಟ್ ಒಳಗೆ ಬೀಳುತ್ತಿರುತ್ತದೆ. ಬಚ್ಚಲ ಮನೆಯ 2 ಕಿಲೋವಾಟಿನ ಗೀಸರ್ ಕಾಯಿಲ್ ಅನ್ನು ನೀರಿನಿಂದ ಹೊರಗೆ ತೆಗೆದು ವೈರುಗಳ ಪಕ್ಕದಲ್ಲಿ ಹಚ್ಚಿಟ್ಟರೆ ಆಗುವುದಕ್ಕಿಂತ ಇದು ಹೆಚ್ಚು.

ಹಾಗಾದರೆ ಹಳೆಯ ಮ್ಯಾನಿಫೋಲ್ಡ್ ಇದ್ದಾಗ ಈ ತೊಂದರೆ ಏಕಿರಲಿಲ್ಲ? ಬೀಡು ಕಬ್ಬಿಣದ ಗೋಡೆ ದಪ್ಪ, ಒಟ್ಟು ಮೈ ಚಿಕ್ಕದು ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಬಹುತೇಕ ಗ್ಯಾರೇಜುಗಳಲ್ಲಿ ಯಾರ ಗಮನಕ್ಕೂ ಬರುವುದಿಲ್ಲ: ಕಾರ್ಖಾನೆಯವರು ಮ್ಯಾನಿಫೋಲ್ಡಿನ ಮೇಲೆ ಬೋಲ್ಟ್ ಹಾಕಿ ಕೂರಿಸಿದ ತಗಡಿನ ಹೊದಿಕೆ ಹೊಸ ಹೆಡರ್‌ಗೆ ಹೊಂದುವುದಿಲ್ಲವಾದ್ದರಿಂದ ಗುಜರಿಯ ರಾಶಿಗೆ ಹೋಗಿರುತ್ತದೆ. ಗುಜರಿಗೆ ಹೋದ ಆ ತಗಡೇ ನಿಮ್ಮ ವೈರನ್ನು ಇಷ್ಟು ವರ್ಷ ಕಾಯುತ್ತಿತ್ತು. ಕಳೆದುಕೊಂಡದ್ದನ್ನು ಮರಳಿ ಕಟ್ಟುವುದೇ ಇಲ್ಲಿ ಮೊದಲ ಕೆಲಸ.

ಇನ್ನು ಸ್ಟಾರ್ಟ್ ತೊಂದರೆ. ಪೆಟ್ರೋಲಿನ ಹಗುರ ಅಂಶಗಳು 35-40 ಡಿಗ್ರಿಯಲ್ಲೇ ಕುದಿಯಲು ತೊಡಗುತ್ತವೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು, ಅಂದರೆ ಫ್ಲೋಟ್ ಬೌಲ್, ಹೊರಗಿನ ಗಾಳಿಗೆ ತೆರೆದಿರುವುದರಿಂದ ಅಲ್ಲಿನ ಪೆಟ್ರೋಲಿಗೆ ಯಾವ ಒತ್ತಡದ ರಕ್ಷಣೆಯೂ ಇಲ್ಲ. ಗಾಡಿ ಓಡುತ್ತಿರುವಾಗ ಹೊಸ ಪೆಟ್ರೋಲ್ ಬರುತ್ತಲೇ ಇರುತ್ತದೆ, ಫ್ಯಾನ್ ಗಾಳಿ ಬೀಸುತ್ತಿರುತ್ತದೆ. ನಿಲ್ಲಿಸಿದ ಕ್ಷಣ ಎರಡೂ ನಿಂತುಹೋಗಿ, ಮುಂದಿನ ಹತ್ತು-ಹದಿನೈದು ನಿಮಿಷ ಬಾನೆಟ್ ಒಳಗಿನ ಗಾಳಿಯ ಬಿಸಿ ಇಳಿಯುವ ಬದಲು ಏರುತ್ತದೆ. ಈ ಏರಿಕೆಗೆ ಹೆಡರ್ ಎಷ್ಟು ಕಾರಣ ಎಂದು ಲೆಕ್ಕ ಹಾಕಿದರೆ, ಐದಾರು ಕಿಲೋ ತೂಕದ ತೆಳು ಪೈಪ್ ಎಷ್ಟೇ ಕಾದಿದ್ದರೂ ಅದರಲ್ಲಿ ಕೂಡಿಟ್ಟ ಬಿಸಿ ಕಡಿಮೆ. ಕೆಲವೇ ನಿಮಿಷದಲ್ಲಿ ಆರಿಹೋಗುತ್ತದೆ. 90 ಡಿಗ್ರಿಯಲ್ಲಿರುವ ಎಂಜಿನ್ ಬ್ಲಾಕ್ ಮತ್ತು ಅದರೊಳಗಿನ ನೀರು ಮಾತ್ರ ಗಂಟೆಗಟ್ಟಲೆ ಬಿಸಿ ಬಿಡುತ್ತಲೇ ಇರುತ್ತವೆ. ಆದ್ದರಿಂದ ಹೆಡರ್‌ಗೆ ಏನೇ ಸುತ್ತಿದರೂ ಕೊಟ್ಟಿಗೆಹಾರದ ತೊಂದರೆ ಪೂರ್ತಿ ಹೋಗುತ್ತದೆಂದು ಭರವಸೆ ಕೊಡಲಾರೆ.

ಮುಂದಿನ ಸಲ ಹಾಗಾದಾಗ ಒಂದು ಸಣ್ಣ ಪರೀಕ್ಷೆ ಮಾಡಿ. ಏರ್ ಫಿಲ್ಟರಿನ ಮುಚ್ಚಳ ತೆಗೆದು, ಇಗ್ನಿಷನ್ ಆಫ್ ಇರುವಾಗಲೇ, ಹತ್ತಿರ ಬೀಡಿ-ಸಿಗರೇಟು ಯಾವುದೂ ಇಲ್ಲದಂತೆ ನೋಡಿಕೊಂಡು, ಕಾರ್ಬ್ಯುರೇಟರಿನ ಬಾಯೊಳಗೆ ನೋಡುತ್ತ ಆ್ಯಕ್ಸಿಲರೇಟರ್ ಕಡ್ಡಿಯನ್ನು ಒಮ್ಮೆ ಎಳೆಯಿರಿ. ಪೆಟ್ರೋಲ್ ಸಣ್ಣ ಧಾರೆಯಾಗಿ ಚಿಮ್ಮಿದರೆ ಬೌಲಿನಲ್ಲಿ ಪೆಟ್ರೋಲ್ ಇದೆ. ಆದರೆ ಕುದಿದು ಒಳಗೆ ತುಂಬಿಕೊಂಡಿದೆ. ಆಗ ಆ್ಯಕ್ಸಿಲರೇಟರ್ ಅನ್ನು ನಿಧಾನವಾಗಿ ಕೊನೆಯವರೆಗೆ ಒತ್ತಿ ಹಿಡಿದು, ಪದೇ ಪದೇ ಒತ್ತದೆ, ಸೆಲ್ಫ್ ಹೊಡೆದರೆ ಹೆಚ್ಚಿನ ಆವಿ ಹೊರಹೋಗಿ ಎಂಜಿನ್ ಹಿಡಿದುಕೊಳ್ಳುತ್ತದೆ. ಏನೂ ಚಿಮ್ಮದಿದ್ದರೆ ಬೌಲ್ ಒಣಗಿದೆ ಅಥವಾ ಪಂಪ್ ಮತ್ತು ಲೈನಿನಲ್ಲಿ ಆವಿ ಕಟ್ಟಿಕೊಂಡಿದೆ ಎಂದರ್ಥ. ಆಗ ಪೆಟ್ರೋಲ್ ಪೈಪ್ ಹೆಡರಿನ ಹತ್ತಿರ ಎಲ್ಲಿ ಹಾದುಹೋಗಿದೆ ಎಂದು ಹುಡುಕಬೇಕು. ಕಾರ್ಬ್ಯುರೇಟರಿನ ಬುಡದಲ್ಲಿ ಬಿಸಿ ತಡೆಯುವ ಬೇಕಲೈಟ್ ತುಂಡು ಕೂತಿದೆಯೋ, ಹಿಂದೆ ಯಾರಾದರೂ ಕೆಲಸ ಮಾಡುವಾಗ ಅದನ್ನು ತೆಗೆದು ಬರೀ ಪ್ಯಾಕಿಂಗ್ ಹಾಕಿದ್ದಾರೋ ಎಂಬುದನ್ನೂ ನೋಡಿ. ಆ ಬೆರಳುದಪ್ಪದ ತುಂಡು ಇಲ್ಲದಿದ್ದರೆ ಎಂಜಿನ್ನಿನ ಬಿಸಿ ಲೋಹದಿಂದ ಲೋಹಕ್ಕೆ ನೇರವಾಗಿ ಹರಿಯುತ್ತದೆ.

ಈಗ ಪಟ್ಟಿಯ ವಿಷಯಕ್ಕೆ ಬರೋಣ. ಅದು ಕೆಲಸ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಸುತ್ತಿದ ಪಟ್ಟಿಯ ಹೊರಮೈ ಲೋಹಕ್ಕಿಂತ ಇನ್ನೂರೈವತ್ತು ಡಿಗ್ರಿ ತಣ್ಣಗಿದ್ದರೆ ಮೇಲಿನ ಲೆಕ್ಕದಂತೆ ವಿಕಿರಣ ಐದನೇ ಒಂದಕ್ಕೆ ಇಳಿಯುತ್ತದೆ. ಹೊಗೆ ಬಿಸಿಯಾಗಿಯೇ ಉಳಿದು ವೇಗವಾಗಿ ಹೋಗುವುದರಿಂದ ಸಿಲಿಂಡರ್ ಚೆನ್ನಾಗಿ ಖಾಲಿಯಾಗುತ್ತದೆ ಎಂಬ ಮಾತಿನಲ್ಲೂ ನಿಜವಿದೆ, ರಸ್ತೆಯ ಗಾಡಿಯಲ್ಲಿ ಅದರ ಲಾಭ ಕೈಗೆ ಸಿಗುವಷ್ಟು ದೊಡ್ಡದಲ್ಲ. ನಿಜವಾದ ಲಾಭ ಒಳಗೆಳೆಯುವ ಗಾಳಿಯಲ್ಲಿದೆ: 35 ಡಿಗ್ರಿಯ ಗಾಳಿಯ ಬದಲು 65 ಡಿಗ್ರಿಯ ಗಾಳಿ ಕುಡಿಯುವ ಎಂಜಿನ್‌ಗೆ ಪ್ರತಿ ಉಸಿರಿನಲ್ಲಿ ಸುಮಾರು ಶೇ 9ರಷ್ಟು ಕಡಿಮೆ ಗಾಳಿ ಸಿಗುತ್ತದೆ.

ಆದರೆ ಹೊರಗೆ ಬಾರದ ಬಿಸಿ ಎಲ್ಲಿಗೆ ಹೋಗುತ್ತದೆ? ಒಂದು ಪಾಲು ಸೈಲೆನ್ಸರ್ ಕಡೆಗೆ ಸಾಗುತ್ತದೆ; ಇನ್ನೊಂದು ಪಾಲು ಪೈಪಿನ ಲೋಹದಲ್ಲೇ ನಿಲ್ಲುತ್ತದೆ. ಗಾಳಿಗೆ ಮೈಯೊಡ್ಡಿ ತಣಿಯುತ್ತಿದ್ದ ಲೋಹ ಕಂಬಳಿ ಹೊದ್ದ ಮೇಲೆ ಒಳಗಿನ ಹೊಗೆಯ ಉಷ್ಣತೆಯ ಹತ್ತಿರಕ್ಕೆ ಹೋಗುತ್ತದೆ. ಅದರ ಉಷ್ಣತೆ ಮೊದಲಿಗಿಂತ 100 ಡಿಗ್ರಿಗೂ ಹೆಚ್ಚು ಏರಬಹುದು. ಸಾಮಾನ್ಯ ಉಕ್ಕು 550 ಡಿಗ್ರಿಯ ಸುತ್ತಮುತ್ತ ದಾಟಿದ ಮೇಲೆ ಗಾಳಿಯ ಆಮ್ಲಜನಕದೊಂದಿಗೆ ಬೇಗ ಬೇಗ ಕೂಡಿ ಪದರಗಟ್ಟತೊಡಗುತ್ತದೆ. ಇದಕ್ಕೆ ಮಳೆಗಾಲದ ತೇವ ಸೇರಿದರೆ, ನಿಂತ ಗಾಡಿಯಲ್ಲಿ ನೆಂದ ಪಟ್ಟಿ ಒದ್ದೆ ಬಟ್ಟೆಯ ಹಾಗೆ ಪೈಪನ್ನು ದಿನಗಟ್ಟಲೆ ತಬ್ಬಿಕೊಂಡಿರುತ್ತದೆ. ಎರಡು ಮಳೆಗಾಲ ಕಂಡ ಇಂಥದೊಂದು ಹೆಡರಿನ ಪಟ್ಟಿಯನ್ನು ನಾನೇ ಬಿಚ್ಚಿದ್ದೇನೆ. ಮೇಲಿನಿಂದ ಪಟ್ಟಿ ಅಚ್ಚುಕಟ್ಟಾಗಿತ್ತು, ಕ್ಲಿಪ್ಪುಗಳು ಹೊಳೆಯುತ್ತಿದ್ದವು. ಮೊದಲ ಸುತ್ತು ಸಡಿಲವಾದಂತೆ ಒಳಗಿನಿಂದ ಕಂದು ಬಣ್ಣದ ಚಕ್ಕೆಗಳು ಹಪ್ಪಳ ಮುರಿದ ಹಾಗೆ ಉದುರಿ ನೆಲಕ್ಕೆ ಹಾಸಿದ್ದ ಪೇಪರಿನ ಮೇಲೆ ಹಿಡಿಯಷ್ಟಾದವು. ಬಾಗು ಇದ್ದ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ತುದಿ ಒಳಗೇ ಹೋಯಿತು. ಎಂ.ಎಸ್. ಹೆಡರ್‌ಗೆ ಪಟ್ಟಿ ಸುತ್ತಿದರೆ ಖಾತರಿ ಕೊಡುವುದಿಲ್ಲ ಎಂದು ಹಲವು ತಯಾರಕರು ಹೇಳುವುದು ಸುಮ್ಮನೆ ಅಲ್ಲ. ನಿಮ್ಮ ಮೆಕ್ಯಾನಿಕ್ ಅನುಭವದಿಂದಲೇ ಮಾತಾಡಿದ್ದಾರೆ.

ಫೈಬರ್ ಗ್ಲಾಸ್ ಮತ್ತು ಟೈಟಾನಿಯಂ ಪಟ್ಟಿಗಳ ವ್ಯತ್ಯಾಸ ಕೇಳಿದ್ದೀರಿ. ಸಾದಾ ಗಾಜಿನ ನೂಲಿನ ಪಟ್ಟಿ ಸತತವಾಗಿ ಸುಮಾರು 540 ಡಿಗ್ರಿಯವರೆಗೆ ತಾಳುತ್ತದೆ; ಅದಕ್ಕಿಂತ ಮೇಲೆ ಗಡುಸಾಗಿ, ಪುಡಿಯಾಗಿ ಉದುರುತ್ತದೆ. ಟೈಟಾನಿಯಂ ಎಂಬ ಹೆಸರಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ಟೈಟಾನಿಯಂ ಲೋಹದ ಎಳೆ ಇರುವುದಿಲ್ಲ. ಅದು ಬಸಾಲ್ಟ್ ಕಲ್ಲನ್ನು ಕರಗಿಸಿ ಎಳೆದ ನೂಲು. ವಿಜಯಪುರದ ಗೋಲಗುಮ್ಮಟಕ್ಕೆ ಬಳಸಿದ ಕರಿಕಲ್ಲು, ಬೆಳಗಾವಿ-ಕಲಬುರಗಿ ಸೀಮೆಯ ಕಪ್ಪು ನೆಲದ ಅಡಿಯ ಬಂಡೆ, ಎಲ್ಲ ಇದೇ ಜಾತಿಯದು. ಜ್ವಾಲಾಮುಖಿಯಿಂದ ಹರಿದು ಗಟ್ಟಿಯಾದ ಕಲ್ಲು ಬಿಸಿಗೆ ಗಾಜಿಗಿಂತ ಚೆನ್ನಾಗಿ ಎದುರು ನಿಲ್ಲುವುದು ಸಹಜವೇ. ಮುಟ್ಟಿದರೆ ತುರಿಕೆಯೂ ಕಡಿಮೆ. ಬೆಲೆ ಹೆಚ್ಚಾದರೂ ಎರಡರಲ್ಲಿ ಒಂದನ್ನು ಆರಿಸಲೇಬೇಕೆಂದರೆ ನಾನು ಬಸಾಲ್ಟ್ ಆರಿಸುತ್ತೇನೆ. ಮೂರನೆಯ ಆಯ್ಕೆಯಾಗಿ ಯಾರಾದರೂ ಹಾರ್ಡ್‌ವೇರ್ ಅಂಗಡಿಯ ಆಸ್‌ಬೆಸ್ಟಾಸ್ ಹಗ್ಗ ಅಥವಾ ಪಟ್ಟಿಯನ್ನು ಸೂಚಿಸಿದರೆ ದಯವಿಟ್ಟು ಒಪ್ಪಬೇಡಿ. ಅದರ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣಗೆ ಒಡೆದು ಶ್ವಾಸಕೋಶ ಸೇರಿದರೆ ದಶಕಗಳ ನಂತರ ಕ್ಯಾನ್ಸರ್ ಆಗಿ ಕಾಣಿಸಿಕೊಳ್ಳಬಲ್ಲದು. ಅದನ್ನು ಕತ್ತರಿಸುವ ಗ್ಯಾರೇಜಿನ ಹುಡುಗನ ಬಗ್ಗೆಯೂ ನಾವು ಯೋಚಿಸಬೇಕು.

ಮುಂದೆ ಎಂದಾದರೂ ಹೆಡರ್ ಹೊಸದಾಗಿ ಮಾಡಿಸುವುದಾದರೆ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿಸಿ. ಸುಲಭವಾಗಿ ಸಿಗುವ 304ಕ್ಕಿಂತ 321 ದರ್ಜೆ ಈ ಕೆಲಸಕ್ಕೆ ಹೆಚ್ಚು ಯೋಗ್ಯ. 304 ಸುಮಾರು 425ರಿಂದ 850 ಡಿಗ್ರಿಯ ನಡುವೆ ಬಹಳ ಕಾಲ ಇದ್ದರೆ ಅದರ ಕ್ರೋಮಿಯಂ ಇಂಗಾಲದೊಂದಿಗೆ ಸೇರಿ ಕಣಗಳ ಅಂಚಿನಲ್ಲಿ ಕಟ್ಟಿಕೊಳ್ಳುತ್ತದೆ, ವೆಲ್ಡಿಂಗಿನ ಪಕ್ಕದಲ್ಲಿ ತುಕ್ಕಿಗೂ ಬಿರುಕಿಗೂ ದಾರಿಯಾಗುತ್ತದೆ. 321ರಲ್ಲಿ ಬೆರೆಸಿದ ಸ್ವಲ್ಪ ಟೈಟಾನಿಯಂ ಆ ಇಂಗಾಲವನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ.

ಲೇಪನ ನಿಮ್ಮ ಈಗಿನ ಹೆಡರ್‌ಗೆ ಆಗಬಹುದು. ಅಲ್ಯೂಮಿನಿಯಂ ಕಣ ಬೆರೆತ ಸೆರಾಮಿಕ್ ಲೇಪನವನ್ನು ಒಳಗೂ ಹೊರಗೂ ಮಾಡಿಸಿದರೆ ಅದು ಮುಖ್ಯವಾಗಿ ಎರಡು ಕೆಲಸ ಮಾಡುತ್ತದೆ: ಲೋಹಕ್ಕೆ ಗಾಳಿ-ನೀರು ತಾಗದಂತೆ ನೋಡಿಕೊಳ್ಳುತ್ತದೆ, ಮತ್ತು ಹೊರಮೈ ಬೆಳ್ಳಿಯಂತೆ ಇರುವುದರಿಂದ ವಿಕಿರಣ ಕಡಿಮೆ ಸೂಸುತ್ತದೆ. ಕೂದಲೆಳೆಯಷ್ಟು ತೆಳುವಾದ ಪದರ ಕಂಬಳಿಯಂತೆ ಬಿಸಿ ತಡೆಯುತ್ತದೆಂದು ನಿರೀಕ್ಷಿಸಬೇಡಿ. ವಿಮಾನದ ಟರ್ಬೈನ್ ಬ್ಲೇಡುಗಳಿಗೆ ಹಚ್ಚುವ ಜಿರ್ಕೋನಿಯಾ ಪ್ಲಾಸ್ಮಾ ಲೇಪನ ಇದಕ್ಕಿಂತ ಹಲವು ಪಟ್ಟು ದಪ್ಪ, ಹಲವು ಪಟ್ಟು ದುಬಾರಿ. ತೋಟದ ಜಿಪ್ಸಿಗೆ ಅದರ ಅಗತ್ಯ ಕಾಣುವುದಿಲ್ಲ. ಅಷ್ಟೂ ಖರ್ಚು ಬೇಡವೆಂದರೆ ಪೈಪನ್ನು ಮರಳು ಹೊಡೆಸಿ ಬಿಳಿ ಲೋಹ ಕಾಣುವವರೆಗೆ ತುಕ್ಕು ತೆಗೆಸಿ, 600 ಡಿಗ್ರಿ ತಾಳುವ ಅಲ್ಯೂಮಿನಿಯಂ ಪೇಂಟನ್ನು ತೆಳುವಾಗಿ ಎರಡು ಸಲ ಹೊಡೆಸಿ. ವರ್ಷಕ್ಕೊಮ್ಮೆ ಮತ್ತೆ ಹೊಡೆಸಬೇಕಾದೀತು, ಆದರೆ ಖರ್ಚು ಕಡಿಮೆ.

ಎಲ್ಲಕ್ಕಿಂತ ಹೆಚ್ಚು ಗಮನವನ್ನು ಹೀಟ್ ಶೀಲ್ಡಿಗೆ ಕೊಡಿ. ಇದನ್ನು ಒಬ್ಬ ಒಳ್ಳೆಯ ತಗಡಿನ ಕೆಲಸಗಾರ ಒಂದು ದಿನದಲ್ಲಿ ಮಾಡಿಕೊಡಬಲ್ಲ. ಮೊದಲು ದಪ್ಪ ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಹೆಡರಿನ ಮೇಲೆ ಹಿಡಿದು, ಬೋಲ್ಟುಗಳಿಗೆ ಸ್ಪ್ಯಾನರ್ ಹೋಗುತ್ತದೆಯೇ, ಎಂಜಿನ್ ಅಲುಗಿದಾಗ ಎಲ್ಲಾದರೂ ತಾಗುತ್ತದೆಯೇ ಎಂದು ನೋಡಬೇಕು. ಹೆಡರ್ ಕಡೆಗೆ ತೆಳು ಸ್ಟೇನ್‌ಲೆಸ್ ತಗಡು, ಅದರಾಚೆ ಐದಾರು ಮಿಲಿಮೀಟರ್ ಅಂತರ ಬಿಟ್ಟು ಹೊಳೆಯುವ ಅಲ್ಯೂಮಿನಿಯಂ ತಗಡು, ಹೀಗೆ ಎರಡು ಪದರ ಮಾಡಿಸಿ. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುವುದರಿಂದ ಅದನ್ನು ಪೈಪಿಗೆ ಅಂಟಿಸಿದಂತೆ ಕೂರಿಸಬಾರದು. ಪೈಪಿಗೂ ಮೊದಲ ತಗಡಿಗೂ ಕನಿಷ್ಠ 12-15 ಮಿಲಿಮೀಟರ್ ಸಂದು ಇರಲಿ, ಕೆಳಗೂ ಮೇಲೂ ಬಾಯಿ ತೆರೆದಿರಲಿ, ಆಗ ಬಿಸಿಗಾಳಿ ಚಿಮಣಿಯಲ್ಲಿ ಏರುವ ಹೊಗೆಯಂತೆ ತಾನೇ ಏರಿ ಹೊರಹೋಗಿ ತಣ್ಣನೆಯ ಗಾಳಿ ಕೆಳಗಿನಿಂದ ಬರುತ್ತದೆ. ಶುಚಿಯಾದ ಹೊಳೆಯುವ ಅಲ್ಯೂಮಿನಿಯಂ ತನ್ನ ಮೇಲೆ ಬಿದ್ದ ಶಾಖ ವಿಕಿರಣದ ಶೇ 90ಕ್ಕೂ ಹೆಚ್ಚನ್ನು ಹಿಂದಿರುಗಿಸುತ್ತದೆ. ಕೆಸರು ಮೆತ್ತಿಕೊಂಡರೆ ಆ ಗುಣ ಹೋಗುತ್ತದೆ, ಆದ್ದರಿಂದ ಸರ್ವಿಸ್ ಮಾಡಿಸುವಾಗಲೆಲ್ಲ ಒರೆಸಬೇಕು. ಹಿಡಿಕಟ್ಟುಗಳನ್ನು ಬೋಲ್ಟಿನಿಂದ ಕಟ್ಟಿಸಿ, ತೂತುಗಳನ್ನು ಉದ್ದಕ್ಕೆ ಕೊರೆಸಿ. ತಗಡು ಬಿಸಿಗೆ ಹಿಗ್ಗಲು ಜಾಗವಿಲ್ಲದಿದ್ದರೆ ಮೂಲೆಯಲ್ಲಿ ಸೀಳುತ್ತದೆ, ಗಡಗಡ ಎಂದು ಶಬ್ದ ಮಾಡುತ್ತದೆ. ಹೀಗೆ ಕಟ್ಟಿದ ಶೀಲ್ಡಿನಲ್ಲಿ ಲೋಹಕ್ಕೆ ಗಾಳಿ ಸಿಗುತ್ತದೆ, ಪೈಪ್ ಒಣಗಿರುತ್ತದೆ, ಬಿರುಕು ಬಿಟ್ಟರೆ ಕಣ್ಣಿಗೆ ಕಾಣುತ್ತದೆ.

ಬಿರುಕು ಬಿಟ್ಟ ವೈರನ್ನು ಟೇಪ್ ಸುತ್ತಿ ಬಿಡಬೇಡಿ, ಆ ತುಂಡನ್ನೇ ಬದಲಿಸಿ ಬೇರೆ ದಾರಿಯಲ್ಲಿ ಒಯ್ಯಿರಿ. ಅನಿವಾರ್ಯವಾಗಿ ಹತ್ತಿರ ಹಾಯಬೇಕಾದ ಕಡೆ ಹೊರಗೆ ಅಲ್ಯೂಮಿನಿಯಂ ಇರುವ ಗ್ಲಾಸ್ ಫೈಬರ್ ಕೊಳವೆಯನ್ನು ಸಡಿಲವಾಗಿ ಹಾಕಿ. ಪೆಟ್ರೋಲ್ ಪೈಪಿಗೂ ಅದೇ ಮಾತು. ಏರ್ ಫಿಲ್ಟರಿನ ಬಾಯಿ ಹೆಡರಿನ ಹಿಂದಿನ ಬಿಸಿಗಾಳಿಯನ್ನು ಎಳೆಯುತ್ತಿದ್ದರೆ ಒಂದು ಪೈಪ್ ಜೋಡಿಸಿ ಅದನ್ನು ಗ್ರಿಲ್ ಕಡೆಗೆ ತಿರುಗಿಸಿ.

ಗಾಳಿಯ ಓಡಾಟವೂ ಅಷ್ಟೇ ಮುಖ್ಯ. ಜಿಪ್ಸಿಗೆ ಮುಂದೆ ಗಾರ್ಡ್ ಹಾಕಿ, ಅದರ ಮೇಲೆ ನಾಲ್ಕು ದೊಡ್ಡ ಲೈಟು ಸಾಲಾಗಿ ಕೂರಿಸಿ, ಗ್ರಿಲ್ ಅರ್ಧ ಮುಚ್ಚಿಹೋಗಿರುವ ಗಾಡಿಗಳನ್ನು ಬಹಳ ನೋಡುತ್ತೇನೆ. ರೇಡಿಯೇಟರಿನ ಹಿಂದಿನ ಶ್ರೌಡ್ (ಫ್ಯಾನಿನ ಸುತ್ತಲಿನ ಕವಚ) ಮುರಿದಿದ್ದರೆ ಫ್ಯಾನ್ ಎಳೆಯುವ ಗಾಳಿಯೂ ಪಕ್ಕದಿಂದ ಸೋರುತ್ತದೆ. ಇವೆರಡನ್ನೂ ಸರಿಪಡಿಸಿ. ಬಾನೆಟ್‌ನ ಹಿಂಬದಿಗೆ ವಾಷರ್ ಕೊಟ್ಟು ಸಂದು ಮಾಡುವ ಉಪಾಯವನ್ನು ಯಾರಾದರೂ ಹೇಳಿಯಾರು. ಗಾಡಿ ನಿಂತಾಗ ಆ ಸಂದಿನಿಂದ ಬಿಸಿ ಹೊರಹೋಗುವುದು ನಿಜ. ಆದರೆ ಓಡುವಾಗ ಮುಂಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚಿರುವುದರಿಂದ ಅಲ್ಲಿಂದ ಗಾಳಿ ಒಳಗೇ ನುಗ್ಗುತ್ತದೆ, ನಿಮ್ಮೂರಿನ ಮಳೆಯಲ್ಲಿ ಅದರೊಂದಿಗೆ ನೀರೂ ನುಗ್ಗುತ್ತದೆ. ಅದರ ಬದಲು ನಿಲ್ಲಿಸಿದ ಕೂಡಲೇ ಐದು ನಿಮಿಷ ಬಾನೆಟ್ ಎತ್ತಿಡುವುದು ಎಷ್ಟೋ ಮೇಲು.

ಇಷ್ಟೆಲ್ಲ ಹೇಳಿದ ಮೇಲೂ ನೀವು ಪಟ್ಟಿಯನ್ನೇ ಸುತ್ತಿಸುವುದಾದರೆ, ಒಂದು ವಿಷಯದಲ್ಲಿ ಮಾತ್ರ ನನ್ನ ಮಾತನ್ನು ಮೀರಬೇಡಿ. ಟ್ಯಾಪೆಟ್ ಕವರ್ ಪ್ಯಾಕಿಂಗಿನಿಂದ ಆಯಿಲ್ ಒಂದು ಹನಿ ಜಿನುಗುತ್ತಿದ್ದರೂ ಮೊದಲು ಅದನ್ನು ನಿಲ್ಲಿಸಿ. ಬರಿ ಪೈಪಿನ ಮೇಲೆ ಬಿದ್ದ ಹನಿ ಹೊಗೆಯಾಗಿ ಹೋಗುತ್ತದೆ, ವಾಸನೆಯಿಂದ ನಿಮಗೆ ಎಚ್ಚರಿಕೆಯೂ ಸಿಗುತ್ತದೆ. ಪಟ್ಟಿ ಆ ಆಯಿಲನ್ನು ದೀಪದ ಬತ್ತಿಯಂತೆ ಹೀರಿ ಇಟ್ಟುಕೊಳ್ಳುತ್ತದೆ, ಒಂದು ದಿನ ಘಾಟಿಯಲ್ಲಿ ಹೊತ್ತಿಕೊಳ್ಳುತ್ತದೆ. ಬ್ರೇಕ್ ಆಯಿಲ್, ಪೆಟ್ರೋಲ್ ಯಾವುದಕ್ಕೂ ಇದೇ ಅಪಾಯ. ಆಯಿಲ್ ಬಿದ್ದ ಪಟ್ಟಿಯನ್ನು ತೊಳೆದು ಮತ್ತೆ ಬಳಸದೆ ಕಿತ್ತೆಸೆಯಬೇಕು.

ಸುತ್ತುವ ಕ್ರಮಕ್ಕೆ ನಮ್ಮ ಹಂಚಿನ ಮನೆಯೇ ಪಾಠ. ಹಂಚನ್ನು ಸೂರಿನ ಅಂಚಿನಿಂದ ಶುರುಮಾಡಿ ಮೇಲಕ್ಕೆ ಹೊದಿಸುತ್ತಾರೆ. ಪಟ್ಟಿಯನ್ನೂ ಪೈಪಿನ ಕೆಳತುದಿಯಿಂದ ಮೇಲಕ್ಕೆ ಸುತ್ತಿದರೆ ಮೇಲಿನ ಸುತ್ತು ಕೆಳಗಿನದರ ಮೇಲೆ ಕೂತು ನೀರು ಜಾರಿಹೋಗುತ್ತದೆ. 50 ಮಿಲಿಮೀಟರ್ ಅಗಲದ ಪಟ್ಟಿಯಲ್ಲಿ ಒಂದರ ಮೇಲೊಂದು ಸುಮಾರು 12 ಮಿಲಿಮೀಟರ್ ಬಂದರೆ ಸಾಕು, ಒಂದೇ ಪದರ ಸಾಕು. ನಿಮ್ಮ ಹೆಡರ್‌ಗೆ ಬಾಗುಗಳನ್ನೂ ಸೇರಿಸಿ ಏಳೆಂಟು ಮೀಟರ್ ಬೇಕಾಗುತ್ತದೆ. ಗಾಜಿನ ಪಟ್ಟಿಯನ್ನು ನೀರಿನಲ್ಲಿ ನೆನೆಸಿ ಬಿಗಿಯಾಗಿ ಎಳೆದು ಸುತ್ತಬೇಕು. ತುದಿಗಳಿಗೆ ಸ್ಟೇನ್‌ಲೆಸ್ ಕ್ಲಿಪ್ಪನ್ನೇ ಹಾಕಬೇಕು. ಹೆಡರ್ ಎಂಜಿನ್ನಿಗೆ ಕೂರುವ ಕಡೆಯ ಚಪ್ಪಟೆ ಪಟ್ಟಿ (ಫ್ಲ್ಯಾಂಜ್) ಮತ್ತು ಬೋಲ್ಟುಗಳನ್ನು ಮುಚ್ಚಬೇಡಿ, ಕೆಲವು ಸಲ ಕಾದು ಆರಿದ ಮೇಲೆ ಅವನ್ನು ಮತ್ತೆ ಬಿಗಿಯಬೇಕಾಗುತ್ತದೆ. ಗ್ಲೌಸ್, ಮಾಸ್ಕ್, ತುಂಬುತೋಳಿನ ಅಂಗಿ ಬೇಕೇ ಬೇಕು. ಮೊದಲ ಸಲ ಎಂಜಿನ್ ಕಾಯಿಸಿದಾಗ ಪಟ್ಟಿಯ ಅಂಟು ಸುಟ್ಟು ಇಪ್ಪತ್ತು-ಮೂವತ್ತು ನಿಮಿಷ ಹೊಗೆ ಬರುತ್ತದೆ. ಆ ಕೆಲಸವನ್ನು ಬಯಲಿನಲ್ಲಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಮಾಡಿ.

ಏನೇ ಮಾಡಿಸುವ ಮೊದಲು ಒಂದು ಸಲ ಅಳೆದಿಟ್ಟುಕೊಳ್ಳಿ. ಉದ್ದ ವೈರಿನ ಅಗ್ಗದ ಡಿಜಿಟಲ್ ಥರ್ಮಾಮೀಟರಿನ ತುದಿಯನ್ನು ಏರ್ ಫಿಲ್ಟರಿನ ಬಾಯಿಗೆ ಕಟ್ಟಿ, ಚಾರ್ಮಾಡಿಯ ಅದೇ ಏರನ್ನು ಅದೇ ವೇಗದಲ್ಲಿ ಹತ್ತಿ, ಹೊರಗಿನ ಗಾಳಿಗಿಂತ ಅಲ್ಲಿ ಎಷ್ಟು ಡಿಗ್ರಿ ಹೆಚ್ಚಿದೆ ಎಂದು ಬರೆದುಕೊಳ್ಳಿ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿದ ಮೇಲೆ ಐದು ನಿಮಿಷಕ್ಕೊಮ್ಮೆ ಮತ್ತೆ ನೋಡಿ. ಗುರಿಯಿಟ್ಟು ನೋಡುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬಳಸುವುದಾದರೆ ಹೊಳೆಯುವ ಮೈಯಲ್ಲಿ ಅದು ತೀರಾ ಕಡಿಮೆ ತೋರಿಸುತ್ತದೆ ಎಂಬುದು ನೆನಪಿರಲಿ; ಬಿಸಿ ತಾಳುವ ಕಪ್ಪು ಪೇಂಟಿನ ಒಂದು ಚುಕ್ಕೆ ಹಚ್ಚಿ ಅಲ್ಲಿಗೇ ಗುರಿಯಿಡಿ. ಶೀಲ್ಡ್ ಕಟ್ಟಿಸಿದ ಮೇಲೆ ಇದೇ ಅಳತೆಯನ್ನು ಇನ್ನೊಮ್ಮೆ ಮಾಡಿ. ಓಡುವಾಗಿನ ಅಂಕಿ ಚೆನ್ನಾಗಿ ಇಳಿದು, ನಿಂತಾಗಿನ ಅಂಕಿ ಇಳಿಯದೇ ಉಳಿದರೆ ಹೆಡರಿನ ಕೆಲಸ ಮುಗಿಯಿತೆಂದು ತಿಳಿದು, ಮೆಕ್ಯಾನಿಕ್‌ಗೆ ಕಾರ್ಬ್ಯುರೇಟರಿನ ಬುಡದ ಬೇಕಲೈಟ್ ತುಂಡು ಮತ್ತು ಪೆಟ್ರೋಲ್ ಲೈನನ್ನು ತೋರಿಸಿ.